ಆಗದವರು ಹೇಳಿದ ಮುಖ

ಆಧಾರ್ ಕಾರ್ಡಿನಲ್ಲಿ ಯಾರ ಮುಖವೂ ಅವರ ಮುಖದ ಹಾಗಿರುವುದಿಲ್ಲ. ನನ್ನದನ್ನು ನೋಡಿದರೆ ಕುರಿ ಕದ್ದು ಸಿಕ್ಕಿಬಿದ್ದವನ ಹಾಗಿದೆ. ಅದನ್ನೇ ದೊಡ್ಡದು ಮಾಡಿ, ಕಟ್ಟು ಹಾಕಿಸಿ, ಹಾರ ಹಾಕಿ ಗೋಡೆಗೆ ತೂಗುಹಾಕಿದರೆ ಮನೆಯವರ ಗತಿ ಏನು? ಹೋದ ವರ್ಷ ಮಳೆಗಾಲದ ಕೊನೆಗೆ ನನ್ನ ಅಂಗಡಿಗೆ ಬಂದ ಹೆಂಗಸು ಅಂಥದೇ ಒಂದು ಕಾರ್ಡನ್ನು ಮೇಜಿನ ಮೇಲಿಟ್ಟು, "ನಮ್ಮವ್ವಂದು ಇದೊಂದೇ ಇರೋದು ಅಣ್ಣ" ಎಂದಳು.

ಚಿತ್ರದುರ್ಗದ ಬಸ್‌ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ನನ್ನದೊಂದು ಫೋಟೊ ಸ್ಟುಡಿಯೊ ಇದೆ. ಪಾಸ್‌ಪೋರ್ಟ್ ಸೈಜು, ನಾಮಕರಣ, ಮದುವೆ ಎಲ್ಲವನ್ನೂ ಮಾಡುತ್ತೇವೆ. ಆದರೆ ಹೊಳಲ್ಕೆರೆ, ಹೊಸದುರ್ಗ, ಹಿರಿಯೂರು ಕಡೆಯ ಹಳ್ಳಿಗಳಿಂದ ಜನ ಹುಡುಕಿಕೊಂಡು ಬರುವುದು ತೀರಿಕೊಂಡವರ ಚಿತ್ರಕ್ಕೆ. ಇದು ನಾನು ಶುರು ಮಾಡಿದ ಕಸುಬಲ್ಲ, ನನಗೆ ಕೆಲಸ ಕಲಿಸಿದ ಗುರುಗಳದು. ಹಿಂದೆ ಎಷ್ಟೋ ಮನೆಗಳಲ್ಲಿ ಹಿರಿಯರದು ಒಂದೂ ಫೋಟೊ ಇರುತ್ತಿರಲಿಲ್ಲ. ಜೀವ ಹೋದ ಮೇಲೆ ಕುರ್ಚಿಯಲ್ಲಿ ಕೂರಿಸಿ, ಹಣೆಗೆ ವಿಭೂತಿ ಹಚ್ಚಿ, ಹಾರ ಹಾಕಿ ಒಂದು ಫೋಟೊ ತೆಗೆಸುತ್ತಿದ್ದರು. ಅದನ್ನು ತಂದು ನಮ್ಮ ಗುರುಗಳ ಕೈಗೆ ಕೊಟ್ಟರೆ ಅವರು ಬ್ರಷ್ ಹಿಡಿದು ಮುಚ್ಚಿದ ಕಣ್ಣು ಬಿಡಿಸುತ್ತಿದ್ದರು. ಜೋತುಬಿದ್ದ ಗಲ್ಲವನ್ನು ಮೇಲಕ್ಕೆತ್ತಿ, ಕುರ್ಚಿಗೆ ಕಟ್ಟಿದ ಬಟ್ಟೆಯನ್ನು ಅಳಿಸಿ, ಮನುಷ್ಯನನ್ನು ಮತ್ತೆ ಮನೆಗೆ ಕಳಿಸುತ್ತಿದ್ದರು.

ಕಣ್ಣು ಬಿಡಿಸುವುದನ್ನು ಕಲಿಯಲು ನನಗೆ ಹೆಚ್ಚು ದಿನ ಹಿಡಿಯಲಿಲ್ಲ. ಅವರು ಅದಕ್ಕೂ ಮೊದಲು ಮಾಡುತ್ತಿದ್ದ ಕೆಲಸ ಮಾತ್ರ ವರ್ಷಗಟ್ಟಲೆ ಅರ್ಥವಾಗಿರಲಿಲ್ಲ.

ಅವರ ಹತ್ತಿರ ಒಂದು ನೋಟ್‌ಬುಕ್ಕಿತ್ತು. ಒಬ್ಬೊಬ್ಬರಿಗೆ ಎದುರು ಬದುರಾಗಿ ಎರಡು ಪುಟ. ಎಡಗಡೆ ಪುಟದ ಮೇಲೆ "ಮನೆಯವರು ಹೇಳಿದ್ದು" ಎಂದು ಬರೆದಿರುತ್ತಿದ್ದರು. ಬಲಗಡೆ ಪುಟದ ಮೇಲೆ "ಆಗದವರು ಹೇಳಿದ್ದು" ಎಂದು. ಸತ್ತವರಿಗೆ ಯಾರನ್ನು ಕಂಡರೆ ಆಗುತ್ತಿರಲಿಲ್ಲವೋ, ಅಂಥವರಲ್ಲಿ ಒಬ್ಬರನ್ನಾದರೂ ಮಾತಾಡಿಸದೆ ಅವರು ಬ್ರಷ್ ಮುಟ್ಟುತ್ತಿರಲಿಲ್ಲ. ಸಂಜೆಯ ಬಸ್ಸಿಗೆ ಹೋಗಬೇಕಾದವರು ನಿಂತ ಕಾಲಲ್ಲಿ ಕಾಯುತ್ತಿದ್ದರೂ ಬಿಡುತ್ತಿರಲಿಲ್ಲ. "ಊರಾಗೆ ಯಾರ ಜೊತೆ ಮಾತು ಬಿಟ್ಟಿದ್ರು? ಅವರ್ನ ಕರ್ಕಂಡ್ ಬರ್ರಿ" ಎನ್ನುತ್ತಿದ್ದರು. ದುಃಖದಲ್ಲಿರುವ ಜನಕ್ಕೆ ಇದೆಂಥ ಪ್ರಶ್ನೆ! ಎಷ್ಟೋ ಜನ ಬೈದುಕೊಂಡು ಎದ್ದು ಹೋದದ್ದನ್ನು ನಾನೇ ನೋಡಿದ್ದೇನೆ. ಮೂರು ದಿನ ಬಿಟ್ಟು ಅವರೇ ಆ ಆಗದವರನ್ನೂ ಜೊತೆಗೆ ಕರೆದುಕೊಂಡು ಬರುತ್ತಿದ್ದುದನ್ನೂ ನೋಡಿದ್ದೇನೆ.

ಒಮ್ಮೆ ಹೊಸದುರ್ಗದ ಕಡೆಯಿಂದ ಒಬ್ಬ ಮೇಷ್ಟ್ರ ಚಿತ್ರಕ್ಕೆ ಬಂದಿದ್ದರು. ಮನೆಯವರೆಲ್ಲ ಸೇರಿ ಹೇಳಿದ್ದು ಒಂದೇ ಮಾತು, ದೇವರಂಥ ಮುಖ ಅಂತ. ಆ ಮಾತನ್ನು ಇಟ್ಟುಕೊಂಡು ಚಿತ್ರಗಾರ ಏನು ಮಾಡಬೇಕು? ಹೊಲದ ಬದುವಿನ ವಿಷಯಕ್ಕೆ ಮೇಷ್ಟ್ರ ಜೊತೆ ಕಿತ್ತಾಡಿದ್ದ ಪಕ್ಕದ ಹೊಲದವರು ಬಂದು ಹೇಳಿದರು: "ಎಡಗಡೆ ಹುಬ್ಬು ಮೊದಲು ಮೇಲಕ್ಕೆ ಹೋಗದು ಸ್ವಾಮಿ, ಆಮೇಲೆ ಬಾಯಿ ಬಿಡೋನು. ಹುಬ್ಬು ಎದ್ರೆ ನಾನು ಅವಾಗ್ಲೇ ಜಗಳಕ್ಕೆ ರೆಡಿ ಆಗ್ತಿದ್ದೆ." ಗುರುಗಳು ಎಡಗಡೆ ಹುಬ್ಬನ್ನು ಕೂದಲೆಳೆಯಷ್ಟು ಎತ್ತಿದರು. ಮೇಷ್ಟ್ರ ಹೆಂಡತಿ ಚಿತ್ರ ನೋಡಿದವರೇ ಅಂಗಡಿಯ ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟರು.

ಇದೇಕೆ ಹೀಗೆ ಎಂದು ಕೇಳಿದ್ದಕ್ಕೆ ಗುರುಗಳು ಅಂದದ್ದು ಇಷ್ಟು: "ಬೇಕಾದೋರು ಮುಖ ಎಲ್ಲಿ ನೋಡ್ತಾರಪ್ಪ? ಊಟಕ್ಕಿಕ್ಕಿದ್ಲಾ, ಮಾತಾಡಿಸಿದ್ಲಾ, ಅಷ್ಟೇ ನೋಡ್ತಾರೆ. ಆಗದೋರು ಮಾತ್ರ ಮುಖಾನೇ ನೋಡ್ಕಂಡು ಕುಂತಿರ್ತಾರೆ, ಇವತ್ತು ಹೆಂಗೈತೆ ಮುಖ ಅಂತ." ಆಗ ನಾನು ನಕ್ಕಿದ್ದೆ. ಗುರುಗಳು ಹೋಗಿ ಬಹಳ ವರ್ಷವಾಯಿತು. ಅವರ ನೋಟ್‌ಬುಕ್ ಅಂಗಡಿಯ ಕಪಾಟಿನಲ್ಲಿ ಹಾಗೇ ಬಿದ್ದಿತ್ತು.

ಬ್ರಷ್ ಹೋಗಿ ಕಂಪ್ಯೂಟರ್ ಬಂತು. ಈಗ ಎರಡು ಮೂರು ವರ್ಷದಿಂದ ಈ ಕೃತಕ ಬುದ್ಧಿಮತ್ತೆ ಬಂದಿದೆ. ಫೋನಿನಲ್ಲಿ ಕನ್ನಡದಲ್ಲೇ ಬರೆದು ಕೇಳಿದರೆ ಕನ್ನಡದಲ್ಲೇ ಉತ್ತರ ಬರುತ್ತದೆ, ಚಿತ್ರ ಬೇಕೆಂದರೆ ಚಿತ್ರ. ನನ್ನ ಓರಗೆಯ ಸ್ಟುಡಿಯೊದವರು ಇದರಿಂದ ನಮ್ಮ ಅನ್ನ ಹೋಯಿತು ಎಂದು ಗೊಣಗುತ್ತಿದ್ದರೆ ನನಗೆ ಹಾಳು ಕುತೂಹಲ. ಅದಕ್ಕೆ ಏನು ಬರುತ್ತದೆ, ಏನು ಬರುವುದಿಲ್ಲ ಎಂದು ದಿನಾ ಒಂದಲ್ಲ ಒಂದು ಪರೀಕ್ಷೆ ಇಡುತ್ತೇನೆ. ಒನಕೆ ಹಿಡಿದವಳ ಚಿತ್ರ ಕೇಳಿದರೆ ಒನಕೆಯನ್ನು ಕೊಳಲಿನ ಹಾಗೆ ಹಿಡಿಸಿತ್ತು. ಕಂಬಳಿ ಹೊದ್ದ ಕುರಿಗಾಹಿಯನ್ನು ಕೇಳಿದರೆ ಕಂಬಳಿಗೆ ಶಾಲಿನ ಕುಚ್ಚು ಕಟ್ಟಿತ್ತು. ಆದರೂ ತಪ್ಪು ತೋರಿಸಿದರೆ ಮುನಿಸಿಕೊಳ್ಳದೆ ತಿದ್ದಿಕೊಳ್ಳುತ್ತಿತ್ತು. ಗುರುಗಳು ತಪ್ಪು ತೋರಿಸುವಾಗ ನನಗೆ ಅಷ್ಟು ತಾಳ್ಮೆ ಇರುತ್ತಿರಲಿಲ್ಲ.

ಹೀಗಿರುವಾಗ ಆ ಹೆಂಗಸು ಬಂದಳು. ಹೊಳಲ್ಕೆರೆ ತಾಲ್ಲೂಕಿನಲ್ಲಿ ತಾಳ್ಯದ ಆಚೆ ಒಂದು ಹಟ್ಟಿ ಅವಳದು. ಕುರಿ ಸಾಕುವ ಮನೆತನ, ಈಕೆ ಮಾತ್ರ ಅಂಗನವಾಡಿಯಲ್ಲಿ ಕಾರ್ಯಕರ್ತೆ. ತಂದೆತಾಯಿಗೆ ಒಬ್ಬಳೇ ಮಗಳು. ಗಂಡನೂ ಇದೇ ಮನೆಗೆ ಬಂದು ಸೇರಿಕೊಂಡವನು. ತಂದೆ ಹೋಗಿ ಬಹಳ ಕಾಲವಾಗಿತ್ತು, ಅವರ ಚಿತ್ರ ಮಾಡಿದ್ದು ನಮ್ಮ ಗುರುಗಳೇ. ತಾಯಿ ಬೇಸಿಗೆಯಲ್ಲಿ ತೀರಿಕೊಂಡಿದ್ದರು. ಬದುಕಿದ್ದಾಗ ಫೋಟೊಕ್ಕೆ ನಿಲ್ಲು ಎಂದರೆ ಸೆರಗು ಮುಖಕ್ಕೆಳೆದುಕೊಂಡು ಹೋಗಿಬಿಡುತ್ತಿದ್ದರಂತೆ.

"ಮಾಲಯ ಅಮಾಸೆಗೆ ಹಿರಿಯರಿಗೆ ಎಡೆ ಇಕ್ತೀವಲ್ಲಣ್ಣ. ಅವ್ವಂಗೆ ಇದೇ ಮೊದಲ ಎಡೆ. ಅಪ್ಪನ ಫೋಟ ಐತೆ, ಅವ್ವಂದಿಲ್ಲ. ಮುಖ ಇಲ್ದಂಗೆ ಯಾರ ಮುಂದೆ ಎಡೆ ಇಕ್ಕಲಿ?" ಎಂದಳು. ಅಮಾವಾಸ್ಯೆಗೆ ಹನ್ನೆರಡು ದಿನವಿತ್ತು. ಆಗುತ್ತದೆ ಹೋಗಮ್ಮ ಎಂದು ನಾನು ದೊಡ್ಡದಾಗಿ ಒಪ್ಪಿಕೊಂಡೆ.

ಕಾರ್ಡಿನಲ್ಲಿದ್ದದ್ದು ಉಗುರಿನಷ್ಟು ಮುಖ. ಯಾರೋ ಮೇಲೆ ನೋಡಜ್ಜಿ ಎಂದು ಗದರಿದಾಗ ಗಾಬರಿಯಾಗಿ ಕಣ್ಣು ಬಿಟ್ಟ ಹಾಗಿತ್ತು. ಅದನ್ನು ಫೋನಿನಲ್ಲಿನ ಆ ಬುದ್ಧಿಯ ಯಂತ್ರಕ್ಕೆ ಕೊಟ್ಟೆ. ಮಗಳು ಹೇಳಿದ ಗುರುತುಗಳನ್ನೂ ಬರೆದೆ: ಎಡಗೆನ್ನೆಯಲ್ಲಿ ಮಚ್ಚೆ, ಗಲ್ಲದ ಮೇಲೆ ಹಚ್ಚೆಯ ಮೂರು ಚುಕ್ಕಿ, ತಲೆ ಮೇಲೆ ಸೆರಗು. ಒಂದು ನಿಮಿಷದಲ್ಲಿ ಒಬ್ಬ ಅಜ್ಜಿ ನನ್ನ ಮುಂದೆ ಕೂತಿದ್ದಳು. ಮಚ್ಚೆ ಇತ್ತು, ಹಚ್ಚೆ ಇತ್ತು, ಸುಕ್ಕುಗಳೂ ಲಕ್ಷಣವಾಗಿದ್ದವು. ನನಗಂತೂ ಕೈ ಮುಗಿಯಬೇಕೆನ್ನಿಸಿತು.

ಮಗಳು ಎರಡು ದಿನ ಬಿಟ್ಟು ಗಂಡನ ಜೊತೆ ಬಂದಳು. ಗಂಡ "ಭಾಳ ಚೆನ್ನಾಗೈತೆ" ಎಂದ. ಅವಳು ಹತ್ತಿರ ಬಗ್ಗಿ ನೋಡಿದಳು. ಆಮೇಲೆ ತೀರ ಮೆಲ್ಲಗೆ, "ಇವರು ಯಾರೋ ಒಳ್ಳೇರು ಅಣ್ಣ. ನಮ್ಮವ್ವ ಅಲ್ಲ" ಎಂದಳು.

ಏನು ತಪ್ಪಿದೆ ಎಂದು ಒಂದೊಂದಾಗಿ ಕೇಳಿದೆ. ಮೂಗು ಸರಿ, ಹಣೆ ಸರಿ, ಎಲ್ಲವೂ ಸರಿ. ತಾಯಿಯ ಮುಖ ಹೇಗಿತ್ತು ಎಂದು ನೆನಪು ಮಾಡಿಕೊಳ್ಳಲು ಹೋಗಿ, ಅದು ಸಿಗುತ್ತಿಲ್ಲ ಎಂಬುದು ಅಲ್ಲೇ ಅವಳಿಗೆ ಗೊತ್ತಾಯಿತು. "ಐವತ್ತು ವರ್ಷ ನೋಡೀನಿ ಅಣ್ಣ, ಈಗ ಕಣ್ಮುಚ್ಚಿದ್ರೆ ಕೈ ಕಾಣ್ತಾವೆ, ಬಳೆ ಕಾಣ್ತಾವೆ, ಮುಖ ಬರಲ್ದು" ಎಂದು ಅತ್ತಳು. ಅವಳಿಗೆ ಇನ್ನಷ್ಟು ದಿನ ಈ ಸುಳ್ಳು ಚಿತ್ರ ತೋರಿಸಿದರೆ, ಇದ್ದಬದ್ದ ಮುಖವೂ ಅಳಿಸಿಹೋಗಿ ಇದೇ ನಿಂತುಬಿಡುತ್ತದಲ್ಲ ಎಂದು ನನಗೆ ಹೆದರಿಕೆಯಾಯಿತು.

ಅವರು ಹೋದ ಮೇಲೆ ಯಂತ್ರದ ಜೊತೆ ಕೂತೆ. ನೀನು ಚಿತ್ರ ಬರೆಯುವ ಮೊದಲು ನನ್ನನ್ನು ಏನೇನು ಕೇಳಬೇಕೋ ಕೇಳು ಎಂದೆ. ಮೊದಲಿಗೆ ಅದು ನನ್ನ ತಾಯಿಯ ಅಗಲಿಕೆಗೆ ಸಂತಾಪ ಸೂಚಿಸಿತು. ತೀರಿಕೊಂಡದ್ದು ನನ್ನ ತಾಯಿಯಲ್ಲ ಮಾರಾಯ ಎಂದು ತಿದ್ದಿದ ಮೇಲೆ ಹತ್ತು ಪ್ರಶ್ನೆ ಕೇಳಿತು. ಕೆಟ್ಟ ಪ್ರಶ್ನೆಗಳೇನಲ್ಲ. ಅವರು ನಗುವಾಗ ಕಣ್ಣು ಹೇಗಾಗುತ್ತಿತ್ತು? ಮೊಮ್ಮಕ್ಕಳನ್ನು ಕಂಡಾಗ ಮುಖ ಹೇಗಿರುತ್ತಿತ್ತು? ಅವರ ಅತ್ಯಂತ ಸಂತೋಷದ ದಿನ ಯಾವುದು? ಓದುತ್ತ ಹೋದ ಹಾಗೆ ನನಗೊಂದು ವಿಷಯ ಹೊಳೆಯಿತು. ಹತ್ತೂ ಪ್ರಶ್ನೆಗಳು ಬೇಕಾದವರನ್ನು ಕೇಳುವಂಥವು.

ಇದು ಪ್ರಪಂಚದಲ್ಲಿ ಬರೆದಿಟ್ಟದ್ದನ್ನೆಲ್ಲ ಓದಿದೆಯಂತೆ. ಆದರೆ ಸತ್ತವರ ಬಗ್ಗೆ ಜನ ಬರೆದಿಡುವುದೇನು? ಶ್ರದ್ಧಾಂಜಲಿ, ತಿಥಿ ಕಾರ್ಡು, ಪೇಪರಿನಲ್ಲಿ ಎರಡು ಸಾಲು. ಅವೆಲ್ಲ ಬೇಕಾದವರು ಬರೆದದ್ದು, ಅವುಗಳಲ್ಲಿ ಎಲ್ಲರೂ ಒಳ್ಳೆಯವರೇ. ನಲ್ಲಿಯ ಹತ್ತಿರ ಆದ ಜಗಳವನ್ನು ಯಾರು ಬರೆದಿಡುತ್ತಾರೆ? ಚಿತ್ರಗಾರರು, ಕತೆ ಬರೆಯುವವರು ಅದನ್ನು ಹೇಗೋ ಹುಡುಕಿಕೊಂಡು ಹೋಗುತ್ತಾರೆ. ನಾನೂ ಆಗೀಗ ಇಲ್ಲಿನ ವಾರಪತ್ರಿಕೆಗೆ ಏನಾದರೂ ಬರೆಯುವವನು. ಒಬ್ಬನ ಬಗ್ಗೆ ಬರೆಯುವ ಮೊದಲು ಅವನ ಮೇಲೆ ಸಿಟ್ಟಿದ್ದವನ ಜೊತೆ ಒಂದು ಕಪ್ ಟೀ ಕುಡಿದು ಬರುತ್ತೇನೆ. ಈ ಚಟ ಗುರುಗಳಿಂದ ಬಂದದ್ದೆಂದು ಆ ದಿನದವರೆಗೂ ನನಗೇ ಗೊತ್ತಿರಲಿಲ್ಲ. ಬರೆಯುವಾಗ ಮಾಡುತ್ತಿದ್ದೆ, ಚಿತ್ರ ಮಾಡುವಾಗ ಮಾತ್ರ ಸೋಮಾರಿಯಾಗಿ ಬಿಟ್ಟುಬಿಟ್ಟಿದ್ದೆ. ಕಪಾಟಿನಿಂದ ನೋಟ್‌ಬುಕ್ ತೆಗೆದೆ.

ಮರುದಿನ ಅವಳಿಗೆ ಫೋನ್ ಮಾಡಿ, "ನಿಮ್ಮವ್ವಂಗೆ ಯಾರ ಜೊತೆ ಆಗ್ತಿರಲಿಲ್ಲಮ್ಮ?" ಎಂದು ಕೇಳಿದೆ. ಅವಳಿಗೆ ಕೆಟ್ಟ ಸಿಟ್ಟು ಬಂತು.

"ನಮ್ಮವ್ವ ಯಾರ ತಂಟೆಗೂ ಹೋದೋಳಲ್ಲ!"

ಆಮೇಲೆ ತಾನಾಗಿಯೇ, "ಚಿಕ್ಕವ್ವ ಅವ್ಳೆ, ಪಕ್ಕದ ಮನೇಲಿ. ಹದಿನೆಂಟು ವರ್ಷ ಇಬ್ರೂ ಮಾತಾಡಿಲ್ಲ. ಅವಳ್ನ ಕೇಳಾದು ಬ್ಯಾಡ್ರಿ" ಎಂದಳು.

ಕೇಳುವುದು ಬೇಡ ಎಂದದ್ದಕ್ಕೇ ನಾನು ಹೊಳಲ್ಕೆರೆ ಬಸ್ಸು ಹತ್ತಿದೆ.

ಹಿಂದೆ ಒಂದೇ ಮನೆಯಾಗಿದ್ದದ್ದನ್ನು ಅಣ್ಣತಮ್ಮಂದಿರು ಪಾಲಾದಾಗ ನಡುವೆ ಗೋಡೆ ಎಬ್ಬಿಸಿ ಎರಡು ಮಾಡಿದ್ದರು. ನೆಲಕ್ಕೆ ಹೂತ ಒಳಕಲ್ಲು ತಮ್ಮನ ಪಾಲಿಗೆ ಹೋಯಿತು. ಆ ಕಲ್ಲಿನಲ್ಲಿ ಮದುವೆಯಾಗಿ ಬಂದಾಗಿನಿಂದ ಒಟ್ಟಿಗೆ ಕೂತು ರುಬ್ಬುತ್ತಿದ್ದವರು ಈ ಇಬ್ಬರು ಓರಗಿತ್ತಿಯರು. ಹಿರಿಯಳು ಒಂದು ಸಲ ಖಾರ ರುಬ್ಬಲು ಹೋದಾಗ ಕಿರಿಯಳು, ಕಲ್ಲು ಈಗ ನಮ್ಮದು, ಕೇಳಿ ಬರಬೇಕು ಎಂದಳಂತೆ. ಅಷ್ಟೇ. ಮಾರನೇ ದಿನದಿಂದ ಮಾತು ನಿಂತಿತು.

ಮಗಳು ನನ್ನನ್ನು ನೋಡಿ ಮುಖ ಗಂಟಿಕ್ಕಿದಳು, ಆದರೂ ನೀರು ಕೊಟ್ಟಳು. ನಾನು ಪಕ್ಕದ ಜಗಲಿಗೆ ಹೋದೆ. ಎಪ್ಪತ್ತು ದಾಟಿದ ಹೆಂಗಸು, ಬೀಜಕ್ಕಿಟ್ಟ ಅವರೆಕಾಯಿ ಸುಲಿಯುತ್ತಿದ್ದರು.

"ಏನಪ್ಪ, ಫೋಟದೋನಾ? ಕುಂತ್ಕ. ಅವಳ ಮುಖ ನನ್ನ ಕೇಳಕೆ ಬಂದ್ಯಾ?" ಎಂದು ನಕ್ಕರು. ಆ ನಗುವಿನಲ್ಲಿ ಸಿಟ್ಟಿತ್ತು. "ಅವಳೆಲ್ಲಿ ನಂಗೆ ಮುಖ ತೋರಿಸಿದ್ಲು?"

ನಾನು ಯಂತ್ರ ಮಾಡಿದ ಅಜ್ಜಿಯನ್ನು ತೋರಿಸಿದೆ. ಒಂದು ಸಲ ನೋಡಿ ಫೋನನ್ನು ಪಕ್ಕಕ್ಕೆ ತಳ್ಳಿದರು.

"ಇದ್ಯಾವಳಲೇ? ಎಲೆಅಡಿಕೆ ಎಲ್ಲಿ?"

"ಯಾವ ಎಲೆಅಡಿಕೆ ಅಮ್ಮ?"

"ಎಡಗಡೆ ದವಡೇಲಿ ಯಾವಾಗ್ಲೂ ಇಟ್ಕಂಡೇ ಇರಾಳು. ಆ ಕೆನ್ನೆ ಒಂದೀಟು ಉಬ್ಬಿರದು, ಮಚ್ಚೆ ಅದ್ರ ಮ್ಯಾಲೆ ಕುಂತಿರದು. ಅವಳ್ದು ಎರಡೂ ಕೆನ್ನೆ ಸಮ ಇದ್ದಿದ್ದು ಮಲಗಿದಾಗ ಒಂದೇಯ."

ಬಾಗಿಲಲ್ಲಿ ನಿಂತಿದ್ದ ಮಗಳು ತನಗೆ ಗೊತ್ತಿಲ್ಲದ ಹಾಗೆ ಎಡಗೆನ್ನೆ ಮುಟ್ಟಿಕೊಂಡಳು. ದಿನಾ ನೋಡುವ ಉಬ್ಬು, ಅದು ಅವಳ ಲೆಕ್ಕಕ್ಕೇ ಬಂದಿರಲಿಲ್ಲ. ನಾನು ಪೆನ್ಸಿಲ್ ತೆಗೆದೆ. ಮುದುಕಿ ಅವರೆಕಾಯಿ ಬಿಟ್ಟು ನನ್ನ ಹತ್ತಿರ ಸರಿದು ಕೂತರು. ಕೆಳದುಟಿಯನ್ನು ಒಳಗೆ ಎಳೆದುಕೊಳ್ಳುತ್ತಿದ್ದದ್ದು, ಬಿಸಿಲಿಗೆ ಎಡಗಣ್ಣು ಮಾತ್ರ ಸಣ್ಣದಾಗುತ್ತಿದ್ದದ್ದು, ಕೋಪ ಬಂದರೆ ಕತ್ತಿನ ನರ ಬಿಗಿಯುತ್ತಿದ್ದದ್ದು, ಒಂದೊಂದನ್ನೂ ಬಾಯಲ್ಲಿ ಹೇಳಿ, ಸಾಲದೆ ತಮ್ಮ ಮುಖದಲ್ಲೇ ಮಾಡಿ ತೋರಿಸಿದರು. ನಾನು ಗೀಚುವುದು, ಅವರು ತಪ್ಪು ಎನ್ನುವುದು, ಅದನ್ನೇ ಯಂತ್ರಕ್ಕೆ ಬರೆಯುವುದು, ಅದು ಮಾಡಿದ್ದನ್ನು ಮತ್ತೆ ಅವರಿಗೆ ತೋರಿಸುವುದು, ಹೀಗೆ ಬೆಳಿಗ್ಗೆ ಹೋಗಿ ಮಧ್ಯಾಹ್ನವಾಯಿತು. ಹೇಳುವವರು ಸಿಕ್ಕಿದರೆ ಯಂತ್ರ ಎಷ್ಟು ಚೆನ್ನಾಗಿ ಕೇಳುತ್ತದೆ ಎಂದು ನನಗೆ ಆಶ್ಚರ್ಯ.

"ನಲ್ಲಿ ಹತ್ರ ಎದುರಿಗೆ ಸಿಕ್ಕಿದ್ರೆ ಹಿಂಗೆ ತಿರುವಾಳು" ಎಂದು ಮುದುಕಿ ಗಲ್ಲವೆತ್ತಿ ಮುಖವನ್ನು ಪಕ್ಕಕ್ಕೆ ತಿರುಗಿಸಿದರು. ನಾನು ಚಿತ್ರದಲ್ಲೂ ತಿರುಗಿಸಿದೆ.

ಮಗಳು ಜಗಲಿಗೆ ಬಂದು ಫೋನ್ ತೆಗೆದುಕೊಂಡಳು. "ಅವ್ವ" ಎಂದಳು. ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಅಲ್ಲೇ ಕೂತುಬಿಟ್ಟಳು. ಆ ಒಂದು ಮಾತಿಗೆ ನಾನು ಮೂವತ್ತು ವರ್ಷದ ಕಸುಬಿನಲ್ಲಿ ಎಂದೂ ಪಡದಷ್ಟು ಖುಷಿಪಟ್ಟೆ.

ಮುದುಕಿ ಮಾತ್ರ ಅತ್ತ ನೋಡಲಿಲ್ಲ. ಸಿಪ್ಪೆಗಳನ್ನು ಕೈಯಿಂದ ಒಟ್ಟುಮಾಡುತ್ತ ಅಂದರು: "ಏನಪ್ಪ, ಅಷ್ಟೆಲ್ಲ ಬರುತ್ತಲ್ಲ ನಿನ್ನ ಮಿಷಿನ್‌ಗೆ, ಒಂದು ಸಲ ಈ ಕಡೆ ನೋಡಂಗೆ ಮಾಡು. ಹದಿನೆಂಟು ವರ್ಷ ಆಯ್ತು."

ಮಾಡುವುದೇನು ಕಷ್ಟವಲ್ಲ. ಆದರೆ ನೇರ ನೋಡಿಸಿದ ಕೂಡಲೇ ಮುಖ ಮತ್ತೆ ಆ ಮೊದಲಿನ ಒಳ್ಳೆಯ ಅಜ್ಜಿಯ ಕಡೆಗೆ ಜಾರಿತು. ಹಿಂದೆ ನೇರವಾಗಿ ನೋಡುತ್ತಿದ್ದಾಗಿನ ಮುಖವನ್ನು ಹೇಳಿ ಎಂದರೆ ಚಿಕ್ಕವ್ವನಿಗೆ ನೆನಪಿರಲಿಲ್ಲ. ಆಗ ಇಬ್ಬರೂ ಬೇಕಾದವರಾಗಿದ್ದರಲ್ಲ. ಇದನ್ನೆಲ್ಲ ಯಂತ್ರಕ್ಕೆ ಬರೆದು ಏನು ಮಾಡಲಿ ಎಂದು ಕೇಳಿದೆ. ಚಿತ್ರವನ್ನು ಎಡಬಲ ಮಗುಚಿದರೆ ಆಚೆಗೆ ತಿರುಗಿದ ಮುಖ ಚಿಕ್ಕವ್ವನ ಕಡೆಗೆ ತಿರುಗುತ್ತದೆ ಎಂದು ಹೇಳಿತು. ಒಂದು ಸಲ ಒತ್ತಿದರೆ ಆಗುವ ಕೆಲಸ. ನನಗೂ ಜಾಣತನವೆಂದೇ ತೋರಿತು, ಮಗಳಿಗೆ ಮಾಡಿ ತೋರಿಸಿದೆ.

"ಮಚ್ಚೆ ಬಲಗಡೆ ಹೋಯ್ತಲ್ಲಣ್ಣ. ಮೊದ್ಲಿನಂಗೇ ಇರ್ಲಿ, ಮುಖ ತಿರುಗಿಸ್ಕಂಡೇ ಇರ್ಲಿ. ನಮ್ಮವ್ವ ಇದ್ದಿದ್ದು ಹಂಗೇಯ" ಎಂದಳು. ಚಿಕ್ಕವ್ವ ಮೊರ ಎತ್ತಿಕೊಂಡು ಒಳಗೆ ಹೋದರು. ಮಗಳ ಮಾತು ಸರಿಯೇ ಆಗಿತ್ತು. ಆದರೂ ಬಸ್ಸಿನಲ್ಲಿ ಬರುವಾಗ ನನಗೆ ಆ ಮುದುಕಿಗೆ ಮೋಸ ಮಾಡಿದ ಹಾಗನ್ನಿಸಿ ಮನಸ್ಸು ಕೆಟ್ಟಿತು. ಮುಖ ಕೊಟ್ಟವರು ಅವರು, ಕೊನೆಗೆ ಅವರಿಗೇ ಏನೂ ಸಿಗಲಿಲ್ಲ.

ಅಮಾವಾಸ್ಯೆಗೆ ಬರಲೇಬೇಕೆಂದು ಮಗಳು ಕರೆದಿದ್ದಳು. ಹೋದೆ. ಪಡಸಾಲೆಯಲ್ಲಿ ಬಾಗಿಲಿಗೆ ಎದುರಾದ ಗೋಡೆಯ ಮೇಲೆ ಅವರ ಮನೆಯ ಹಿರಿಯರೆಲ್ಲ ಸಾಲಾಗಿದ್ದಾರೆ, ಗುರುಗಳು ಬರೆದ ತಂದೆಯ ಚಿತ್ರವೂ ಅಲ್ಲೇ. ಅದರ ಪಕ್ಕ ಹೊಸದಾಗಿ ಒಂದು ಮೊಳೆ ಹೊಡೆದಿತ್ತು. ಮೊಳೆ ಖಾಲಿ ಇತ್ತು. ಮತ್ತೆ ಏನಾದರೂ ತಪ್ಪಾಯಿತೇನೋ ಎಂದುಕೊಂಡೆ.

"ಅಲ್ಲಲ್ಲಣ್ಣ, ಹಿಂದೆ ನೋಡ್ರಿ" ಎಂದಳು.

ತಾಯಿಯ ಚಿತ್ರ ಆ ಸಾಲಿನ ಎದುರು ಗೋಡೆಗೆ, ಬೀದಿ ಬಾಗಿಲ ಪಕ್ಕಕ್ಕೆ ಬಂದಿತ್ತು. ತಮ್ಮ ಗಂಡನ ಮನೆಯವರ ಸಾಲು ಬಿಟ್ಟು ತಾಯಿ ಅಲ್ಲೊಬ್ಬರೇ. ಬಂದ ನೆಂಟರೊಬ್ಬರು ಹಿರಿಯರನ್ನು ಆ ಗೋಡೆಗೆ ಹಾಕಬಾರದು ಎಂದು ಹೇಳುತ್ತಲೇ ಇದ್ದರು, ಅವಳು ಕೇಳಿಸಿಕೊಳ್ಳುತ್ತಿರಲಿಲ್ಲ. ನನಗೆ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ಮೊದಲಿನ ಮೊಳೆಗೆ ಹಾಕಿದ್ದರೆ ಆ ತಿರುಗಿದ ಮುಖ ಅಡುಗೆಮನೆಯ ಕಡೆ ನೋಡುತ್ತಿತ್ತು. ಎದುರು ಗೋಡೆಗೆ ಬಂದದ್ದರಿಂದ ಅದೇ ಮುಖ ಈಗ ನಡುಗೋಡೆಯ ಕಡೆ, ಚಿಕ್ಕವ್ವನ ಮನೆಯ ಕಡೆ ತಿರುಗಿತ್ತು. ಮಚ್ಚೆ ಎಡಗಡೆಯೇ ಇತ್ತು.

ನಾನಾಗಲಿ ಯಂತ್ರವಾಗಲಿ ಇಡೀ ಹೊತ್ತು ಚಿತ್ರದ ಒಳಗೇ ಹುಡುಕುತ್ತಿದ್ದೆವು. ಗೋಡೆಯ ಯೋಚನೆ ಇಬ್ಬರಿಗೂ ಬಂದಿರಲಿಲ್ಲ. ಅಲ್ಲೇ ಮೂಲೆಯಲ್ಲಿ ನಿಂತು ಫೋನಿನಲ್ಲಿ ನಡೆದದ್ದನ್ನೆಲ್ಲ ಬರೆದೆ. ಆಗದವರನ್ನು ಕೇಳಬೇಕೆಂಬುದನ್ನೂ, ಗೋಡೆ ಬದಲಾಯಿಸಿದ್ದನ್ನೂ. ಅದು ಬಹಳ ವಿನಯವಾಗಿ, ಇದು ತನಗೆ ತೋಚಿರಲಿಲ್ಲ ಎಂದಿತು. ಮುಂದಿನ ಸಲ ತಾನಾಗಿ ಕೇಳುತ್ತದೋ ಇಲ್ಲವೋ ಕಾದು ನೋಡಬೇಕು. ನನಗೇ ಇಷ್ಟು ವರ್ಷ ಬೇಕಾಯಿತು.

ಎಡೆ ಇಟ್ಟು, ಲೋಬಾನದ ಹೊಗೆ ಹಾಕಿ, ಎಲ್ಲರೂ ಕೈ ಮುಗಿದರು. ಮಗಳು ಹೊರಗೆ ಹೋಗಿ, ಎಲ್ಲರಿಗೂ ಕೇಳುವ ಹಾಗೆ "ಚಿಕ್ಕವ್ವ, ಬಾ" ಎಂದು ಕೂಗಿದಳು. ಬರುವುದಿಲ್ಲವೇನೋ ಎಂದುಕೊಂಡೆವು. ಬಂದರು. ಹದಿನೆಂಟು ವರ್ಷದ ಮೇಲೆ ಆ ಹೊಸ್ತಿಲು ದಾಟಿದವರು ಉಳಿದವರ ಹಾಗೆ ಚಿತ್ರದ ಮುಂದೆ ನಿಲ್ಲಲಿಲ್ಲ. ತಿರುಗಿದ ಮುಖ ಎಲ್ಲಿ ನೋಡುತ್ತಿದೆ ಎಂದು ಒಂದು ಗಳಿಗೆ ಅಂದಾಜು ಮಾಡಿ, ನಡುಗೋಡೆಗೆ ಬೆನ್ನು ಕೊಟ್ಟು, ಸರಿಯಾಗಿ ಆ ನೋಟಕ್ಕೆ ಎದುರಾಗಿ ನೆಲದ ಮೇಲೆ ಕೂತರು. ತಲೆ ಎತ್ತಿದರು.

"ಈಗ ನೋಡಿದ್ಲು ನೋಡು" ಎಂದರು.

ಮಗಳು ಊಟದ ಎಲೆಯನ್ನು ಅಲ್ಲೇ, ಚಿಕ್ಕವ್ವನ ಮುಂದೆ ಹಾಕಿದಳು.